ಡೋಲೋ ಸಿಗದ ಊರುಗಳಲ್ಲಿ ತಲೆನೋವು: ಲಂಡನ್, ಸ್ಟುಟ್‌ಗಾರ್ಟ್, ಸ್ಯಾನ್ ಹೋಸೆ

ಬೆಂಗಳೂರಿನಲ್ಲಿ ತಲೆ ಸಿಡಿದರೆ ಮೆಡಿಕಲ್ ಶಾಪಿಗೆ ಹೋಗಿ 'ಒಂದು ಡೋಲೋ ಕೊಡಿ' ಅಂದರೆ ಆಯಿತು, 650 ಮಿ.ಗ್ರಾಂನ ಪ್ಯಾರಾಸಿಟಮಾಲ್ ಮಾತ್ರೆ ಕೈಗೆ ಬರುತ್ತದೆ. ಮೂರು ಪ್ರವಾಸಗಳಲ್ಲಿ ಸ್ಟ್ರಿಪ್ ಮುಗಿದು, ಆಯಾ ಊರಿನ ಮಾತ್ರೆಯನ್ನೇ ನುಂಗಬೇಕಾಯಿತು.

ಲಂಡನ್ ಸಲೀಸು. ಅಲ್ಲೂ ಹೆಸರು ಪ್ಯಾರಾಸಿಟಮಾಲೇ. ಸೂಪರ್‌ಮಾರ್ಕೆಟ್‌ನಲ್ಲಿ 500 ಮಿ.ಗ್ರಾಂನ 16 ಮಾತ್ರೆಗಳ ಪ್ಯಾಕೆಟ್, ಅಂಗಡಿಯ ಸ್ವಂತ ಬ್ರ್ಯಾಂಡಾದರೆ ಒಂದು ಪೌಂಡಿಗೂ ಕಡಿಮೆ. ಎರಡು ಪ್ಯಾಕೆಟ್‌ಗಿಂತ ಹೆಚ್ಚು ಕೊಡುವುದಿಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ತಲೆನೋವು ಬಂದದ್ದು ಭಾನುವಾರ. ಜರ್ಮನಿಯಲ್ಲಿ ಪ್ಯಾರಾಸಿಟಮಾಲ್ ಕೂಡ ಅಪೊಥೆಕೆಯಲ್ಲಿ ಮಾತ್ರ, ಅಂದರೆ ಕೆಂಪು 'ಎ' ಅಕ್ಷರದ ಔಷಧದಂಗಡಿಯಲ್ಲಿ. ನಾನು ಹೋದದ್ದು ಮುಚ್ಚಿತ್ತು. ಅಂದು ಯಾರ ಪಾಳಿ ಎಂದು ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿಕೊಂಡು ಇನ್ನೊಂದಕ್ಕೆ ನಡೆದೆ. ಪಾಳಿಯ ಶುಲ್ಕ 2.50 ಯೂರೋ ಬೇರೆ. ಆದರೆ ಮೂರೂ ಕಡೆ 'ಬೇರೆ ಏನು ಮಾತ್ರೆ ತೊಗೋತೀರಿ?' ಎಂದು ಕೇಳಿದವರು ಆ ಫಾರ್ಮಸಿಸ್ಟ್ ಒಬ್ಬರೇ. ನಡೆದ ಬೇಸರ ಅಲ್ಲಿಗೇ ಹೋಯಿತು.

ನಿಜವಾದ ಗೊಂದಲ ಸ್ಯಾನ್ ಹೋಸೆಯಲ್ಲಿ. ಉದ್ದಕ್ಕೂ ನೋವಿನ ಮಾತ್ರೆಗಳೇ ತುಂಬಿದ ಕಪಾಟು, ಪ್ಯಾರಾಸಿಟಮಾಲ್ ಎಂಬ ಪದ ಎಲ್ಲೂ ಇಲ್ಲ. ಅಮೆರಿಕದಲ್ಲಿ ಅದಕ್ಕೆ ಅಸಿಟಮಿನೋಫೆನ್ ಅನ್ನುತ್ತಾರೆ, ಟೈಲೆನಾಲ್‌ನಲ್ಲಿರುವುದು ಅದೇ. 325, 500, 650 ಎಲ್ಲವೂ ಇವೆ. 650 ಕಂಡು 'ಸಿಕ್ಕಿತಲ್ಲ ನಮ್ಮ ಡೋಲೋ' ಅಂದುಕೊಂಡೆ. ಡಬ್ಬಿ ತಿರುಗಿಸಿ ಓದಿದರೆ ಅದು ಎಂಟು ಗಂಟೆ ನಿಧಾನವಾಗಿ ಕರಗುವ ಬಗೆ, ಮುರಿಯುವಂತಿಲ್ಲ, ಅರೆಯುವಂತಿಲ್ಲ. ನಾನು ಅರ್ಧ ಮಾಡಿ ನುಂಗುವವಳು. 500ರದ್ದನ್ನೇ ಕೊಂಡೆ. 'ಪಿಎಂ' ಎಂದಿರುವುದರಲ್ಲಿ ನಿದ್ದೆ ಬರಿಸುವ ಔಷಧ ಸೇರಿರುತ್ತದೆ, ಹಗಲಿಗೆ ಬೇಡ.

ದಯವಿಟ್ಟು ಇದೊಂದನ್ನು ನೆನಪಿಡಿ: ಅಲ್ಲಿನ ಎಷ್ಟೋ ನೆಗಡಿ ಔಷಧಗಳಲ್ಲೂ ಅಸಿಟಮಿನೋಫೆನ್ ಇರುತ್ತದೆ. ಅದನ್ನು ಕುಡಿದು ಮೇಲೆ ಊರಿನಿಂದ ತಂದ ಡೋಲೋ ನುಂಗಿದರೆ ಒಂದೇ ಔಷಧ ಎರಡು ಸಲ ಹೋದಂತೆ. ದೊಡ್ಡವರಿಗೂ ದಿನಕ್ಕೆ 4,000 ಮಿ.ಗ್ರಾಂ ಮೀರಬಾರದು, ಲಿವರ್‌ಗೆ ಅಪಾಯ.

ನೋವು ಇಳಿಸಿದ್ದರಲ್ಲಿ ಮೂರಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಒಬ್ಬಳೇ ಇದ್ದರೆ ಲಂಡನ್ನಿನ ವ್ಯವಸ್ಥೆಯೇ ಸಾಕು. ಬಿಪಿ ಮಾತ್ರೆ ತೊಗೊಳ್ಳುವ ಅಮ್ಮ ಜೊತೆಗಿದ್ದರೆ, ಎರಡು ಬೀದಿ ಹೆಚ್ಚು ನಡೆದಾದರೂ ಸ್ಟುಟ್‌ಗಾರ್ಟ್‌ನ ಆ ಕೌಂಟರಿಗೇ ಹೋಗುತ್ತೇನೆ.