ಗ್ಯೋರ್‌ಗೆ ಹೋಗುವುದಾ, ನಾರ್ವೆಯಲ್ಲೇ ಉಳಿಯುವುದಾ?

ನಾರ್ವೆಯ ಹ್ಯಾಂಡ್‌ಬಾಲ್ ಆಟಗಾರ್ತಿ ಒಳ್ಳೆ ಹೆಸರು ಮಾಡಿದಳು ಅಂದುಕೊಳ್ಳಿ. ಹಂಗೇರಿಯ ಗ್ಯೋರ್ ಕ್ಲಬ್ ಕರೆಯುತ್ತದೆ. ಹೋಗಬೇಕಾ?

ಊರಲ್ಲೇ ಇದ್ದರೆ ಭಾಷೆ ತನ್ನದು, ಮನೆಯವರು ಹತ್ತಿರ. ಆಟದ ಜೊತೆಗೆ ಓದನ್ನೋ ಕೆಲಸವನ್ನೋ ಇಟ್ಟುಕೊಳ್ಳುವವರೂ ಅಲ್ಲಿ ಇದ್ದಾರೆ. ಹಾಗಂತ ತವರು ಕ್ಲಬ್ ಭದ್ರ ಅನ್ನಬೇಡಿ. ನಾರ್ವೆಯ ಕ್ರಿಸ್ಟಿಯನ್‌ಸಾಂಡ್ ಊರಿನ ವೈಪರ್ಸ್ ಕ್ಲಬ್ 2021, 2022, 2023ರಲ್ಲಿ ಸಾಲಾಗಿ ಯುರೋಪಿನ ಕ್ಲಬ್‌ಗಳ ದೊಡ್ಡ ಪಂದ್ಯಾವಳಿ ಚಾಂಪಿಯನ್ಸ್ ಲೀಗ್ ಗೆದ್ದಿತು. 2025ರ ಜನವರಿಯಲ್ಲಿ, ಸೀಸನ್ ಮಧ್ಯದಲ್ಲೇ, ದಿವಾಳಿ! ಆಟಗಾರ್ತಿಯರು ಬ್ಯಾಗು ಹೊತ್ತು ಬೇರೆ ಕ್ಲಬ್ ಹುಡುಕಬೇಕಾಯಿತು.

ಗ್ಯೋರ್‌ನಲ್ಲಿ ಔಡಿ ಕಾರು ಕಂಪನಿಯ ಎಂಜಿನ್ ಕಾರ್ಖಾನೆ ಇದೆ, ಕ್ಲಬ್ಬಿಗೆ ಅದರದೇ ಬೆಂಬಲ. 2024, 2025ರ ಚಾಂಪಿಯನ್ಸ್ ಲೀಗ್ ಕಪ್ಪೂ ಅವರದೇ. ನಾರ್ವೆಯ ಆಟಗಾರ್ತಿ ಸ್ಟೀನೆ ಒಫ್ಟೆಡಾಲ್ 2017ರಲ್ಲಿ ಅಲ್ಲಿಗೆ ಹೋದರು. ಮೂರು ಸಲ ಚಾಂಪಿಯನ್ಸ್ ಲೀಗ್ ಗೆದ್ದರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾರ್ವೆಗೆ ಚಿನ್ನ ಬಂದ ಮೇಲೆ ಆಟ ಬಿಟ್ಟರು. ಆದರೆ ಅಲ್ಲಿ ಬೆಂಚಿನಲ್ಲಿ ಕೂರುವವರೂ ಸ್ಟಾರ್‌ಗಳೇ, ಆಡಲು ಸಿಗುವ ನಿಮಿಷ ಕಡಿಮೆ.

ಮೊಣಕಾಲಿನ ಭಯ ಮಾತ್ರ ಎರಡೂ ಕಡೆ ಒಂದೇ. ನಾರ್ವೆಯದೇ ನೋರಾ ಮೋರ್ಕ್ ಎಷ್ಟು ಸಲ ಆಪರೇಷನ್ ಮಾಡಿಸಿಕೊಂಡು ಮತ್ತೆ ಬಂದರು ನೋಡಿ. ಚೆಂಡು ಜಾರದಂತೆ ಬೆರಳಿಗೆ ಹಚ್ಚುವ ಅಂಟು ರಾಳವೂ ಅಷ್ಟೇ: ಶೂ ಮೇಲೆ ಒಂದು ಉಂಡೆ ಮೆತ್ತಿಕೊಂಡು, ಆಡುತ್ತಲೇ ಬೆರಳು ಒತ್ತಿಕೊಳ್ಳುತ್ತಾರೆ.

ನನ್ನನ್ನು ಕೇಳಿದರೆ, ಮೊದಲು ಊರಲ್ಲೇ ಜಾಸ್ತಿ ಆಡಿ, ಇಪ್ಪತ್ತೈದು ವಯಸ್ಸಿನ ಹೊತ್ತಿಗೆ ಗ್ಯೋರ್‌ಗೆ ಹೋಗಲಿ.