ಮಳೆಗಾಲದಲ್ಲಿ ಹೆಲಿಕಾಪ್ಟರ್ ಬ್ಲೇಡ್ ಕಾಪಾಡುವುದು: ಎಣ್ಣೆಯೋ, ಮೇಣವೋ, ಒಣ ಚೀಲವೋ?

ಮುಂಬೈಯ ಜುಹು ಏರೋಡ್ರೋಮ್ ಕಡಲಿಗೆ ತೀರಾ ಹತ್ತಿರ. ಬಾಂಬೆ ಹೈ ತೈಲ ವೇದಿಕೆಗಳ ಕಡೆ ಹೆಲಿಕಾಪ್ಟರ್‌ಗಳು ಹೊರಡುವುದು ಇಲ್ಲಿಂದಲೇ. ನಾನು ಕುಂದಾಪುರದ ಕಡೆಯವನು. ಉಪ್ಪುಗಾಳಿಗೆ ಕಿಟಕಿ ಸರಳು ಸವೆಯುವುದನ್ನು ನೋಡುತ್ತಲೇ ಬೆಳೆದವನು. ಆದರೂ ನಮ್ಮ ಸ್ಟೋರಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಮಲಗಿದ್ದ ಒಂದು ಬ್ಲೇಡಿನ ಪೇಂಟಿನಡಿ ಹುಳು ಹರಿದಂಥ ಗೆರೆಗಳನ್ನು ಕಂಡಾಗ ಸಂಕಟವಾಯಿತು. ಅದಕ್ಕೆ ಇನ್ನೂ ಎಷ್ಟೋ ಗಂಟೆಗಳ ಆಯಸ್ಸು ಉಳಿದಿತ್ತು.

ಅದು ಬೆಲ್ 206 ಹೆಲಿಕಾಪ್ಟರಿನ ತಲೆಯ ಮೇಲೆ ತಿರುಗುವ ಮುಖ್ಯ ಬ್ಲೇಡ್. ಒಳಗೆ ಭಾರ ಹೊರುವ ಉದ್ದನೆಯ ಅಲ್ಯೂಮಿನಿಯಂ ತೊಲೆ, ಅಂದರೆ ಸ್ಪಾರ್, ಅದರ ಹಿಂದೆ ಜೇನುಗೂಡಿನಂಥ ಹನಿಕೋಂಬ್, ಮೇಲೆ ತೆಳು ಅಲ್ಯೂಮಿನಿಯಂ ಹಾಳೆ. ಎಲ್ಲವನ್ನೂ ಅಂಟಿನಿಂದ ಕೂಡಿಸಿರುತ್ತಾರೆ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಬರುವುದಿಲ್ಲ. ಬಿಳಿ ಪುಡಿ ಏಳುತ್ತದೆ, ಪೇಂಟ್ ಉಬ್ಬುತ್ತದೆ. ಅದು ಅಂಟಿನ ಗೆರೆಗೆ ಇಳಿದರೆ ಹಾಳೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಆ ಬ್ಲೇಡನ್ನು ಹಾರಿಸುವ ಮಾತೇ ಇಲ್ಲ.

ಹಾರುವ ಬ್ಲೇಡಿನ ಮೇಲೆ ಪ್ರಯೋಗ ಮಾಡುವಂತಿಲ್ಲ. ಆಯಸ್ಸು ಮುಗಿದು ಸ್ಕ್ರ್ಯಾಪ್ ಆಗಿದ್ದ ಒಂದನ್ನು ಕೇಳಿ ಪಡೆದೆ. ಮೊಳದುದ್ದದ 4 ತುಂಡು ಮಾಡಿ, ಕತ್ತರಿಸಿದ ಬಾಯಿಗೆ ಸೀಲಂಟ್ ಹಚ್ಚಿದೆ. ಪ್ರತಿ ತುಂಡಿನ ಪೇಂಟನ್ನು ಲೋಹ ಕಾಣುವ ತನಕ ಗೀರಿದೆ. ಅರ್ಧ ಭಾಗವನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿದೆ, ಇನ್ನರ್ಧವನ್ನು ಹಾಗೇ ಬಿಟ್ಟೆ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯ ತನಕ ನಾಲ್ಕೂ ಸ್ಟೋರಿನ ಒಂದೇ ರ‍್ಯಾಕಿನಲ್ಲಿದ್ದವು.

ಮೊದಲನೆಯದನ್ನು ನಾವು ಹಿಂದೆ ಮಾಡುತ್ತಿದ್ದಂತೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿಟ್ಟೆ. ಇದರಷ್ಟು ಕೆಟ್ಟದ್ದು ಯಾವುದೂ ಇರಲಿಲ್ಲ. ಹಗಲಿನ ಸೆಕೆಗೆ, ರಾತ್ರಿಯ ತಂಪಿಗೆ ಒಳಗೆ ಬೆವರು ಕಟ್ಟುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ತೊಳೆದ ಅರ್ಧದಲ್ಲೂ ಗೀರಿನ ಸುತ್ತ ಬಿಳಿ ಪುಡಿ ಎದ್ದಿತ್ತು.

ಎರಡನೆಯದಕ್ಕೆ ಎಸಿಎಫ್-50 ಜಾತಿಯ, ತುಕ್ಕು ತಡೆಯುವ ತೆಳು ಎಣ್ಣೆ. ಇದು ಸಂದಿಗಳಿಗೆ ತಾನೇ ಹರಿದು ಹೋಗುತ್ತದೆ, ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಗೀರು ಬಹುಮಟ್ಟಿಗೆ ಚೊಕ್ಕವಾಗೇ ಉಳಿದಿತ್ತು. ಆದರೆ ತೆಳು ಎಣ್ಣೆ ಅಂದಮೇಲೆ ಧೂಳು ಕೂರುತ್ತದೆ. ಸಂದಿಗೆ ಹರಿಯುವ ಗುಣವೇ ಬ್ಲೇಡಿನಲ್ಲಿ ತೊಂದರೆ: ನೀರಿಳಿಯಲು ಬಿಟ್ಟ ತೂತಿನಿಂದ ಎಣ್ಣೆ ಒಳಗೆ ಸೇರಿದರೆ ಬ್ಯಾಲೆನ್ಸ್ ಕೆಡಬಹುದು. ಮುಂದೆ ಪೇಂಟ್ ಹಚ್ಚುವಾಗ ಎಣ್ಣೆ ಪೂರ್ತಿ ತೆಗೆಯುವುದೂ ಸುಲಭವಲ್ಲ.

ಮೂರನೆಯದಕ್ಕೆ ದಪ್ಪ ಮೇಣದ ಸ್ಪ್ರೇ. ನನಗೆ ಇದರ ಮೇಲೇ ಭರವಸೆ ಜಾಸ್ತಿ ಇತ್ತು. ತೊಳೆದ ಅರ್ಧ ನಿಜಕ್ಕೂ ಹೊಸದರಂತಿತ್ತು. ತೊಳೆಯದ ಅರ್ಧದ ಮೇಣ ಒರೆಸಿದಾಗ ಅಡಿಯಲ್ಲಿ ಬಿಳಿ ಚುಕ್ಕೆಗಳು! ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರಾಗುತ್ತದೆ, ಅಲ್ವಾ? ಗಾಳಿಯ ತೇವ ಶೇ. 75ರ ಸುಮಾರಿಗೆ ಏರಿದರೆ ಉಪ್ಪು ತಾನೇ ನೀರೆಳೆದು ಕರಗುತ್ತದೆ. ಮುಂಬೈಯ ಜುಲೈಯಲ್ಲಿ ಅಷ್ಟು ತೇವ ಮಾಮೂಲು. ಲೋಹದ ಮೇಲೆ ಉಪ್ಪು ಬಿಟ್ಟು ಅದರ ಮೇಲೆ ಮೇಣ ಬಳಿದರೆ ಉಪ್ಪುನೀರನ್ನು ನಾವೇ ಮುಚ್ಚಿಟ್ಟ ಹಾಗೆ. ಹೊರಗಿನಿಂದ ಏನೂ ಕಾಣುವುದಿಲ್ಲ ಬೇರೆ.

ನಾಲ್ಕನೆಯದು ವಿಸಿಐ ಚೀಲ, ಅಂದರೆ ತುಕ್ಕು ತಡೆಯುವ ಆವಿಯನ್ನು ತಾನೇ ಬಿಡುವ ಚೀಲ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು. ವಿಸಿಐ ಕೊಳ್ಳುವಾಗ ಕಬ್ಬಿಣಕ್ಕಷ್ಟೇ ಮಾಡಿದ್ದಲ್ಲ, ಅಲ್ಯೂಮಿನಿಯಂಗೂ ಒಗ್ಗುವ ಮಲ್ಟಿಮೆಟಲ್ ಜಾತಿಯದ್ದನ್ನು ನೋಡಿ ತರಬೇಕು. ತೊಳೆದ ಅರ್ಧಕ್ಕೆ ಏನೂ ಆಗಿರಲಿಲ್ಲ. ತೊಳೆಯದ ಅರ್ಧವೂ ಉಳಿದ ಮೂರಕ್ಕಿಂತ ಚೆನ್ನಾಗಿತ್ತು. ಪೇಂಟಿಗೆ ಎಣ್ಣೆ ಸೋಕುವುದಿಲ್ಲ, ತೆಗೆದರೆ ನೇರ ತಪಾಸಣೆಗೆ ಸಿದ್ಧ. ಇದಕ್ಕೆ ಬೇಕಾದದ್ದು ಶ್ರದ್ಧೆ. ಕಿತ್ತಳೆ ಕಾಳು ಹಸಿರಾದ ಕೂಡಲೇ ಓವನ್‌ನಲ್ಲಿ 120 ಡಿಗ್ರಿ ಸುಮಾರಿನಲ್ಲಿ ಒಣಗಿಸಬೇಕು. ಜುಲೈಯಲ್ಲಿ ವಾರಕ್ಕೊಮ್ಮೆ ಈ ಕೆಲಸ ಬಂತು. ಚೀಲದ ಬಾಯಿ ಸರಿಯಾಗಿ ಮುಚ್ಚದಿದ್ದರೆ ಎರಡೇ ದಿನಕ್ಕೆ ಕಾಳು ಹಸಿರು.

ಆಗಲೇ ಹತ್ತಿದ ಬಿಳಿ ಪುಡಿಯನ್ನು ತೆಗೆಯಲು ಅದೇ ತುಂಡುಗಳ ಮೇಲೆ ಎರಡು ದಾರಿ ನೋಡಿದೆ. ಸ್ಕಾಚ್‌ಬ್ರೈಟ್‌ನಲ್ಲಿ ಕೈಯಿಂದ ಉಜ್ಜುವುದು ನಿಧಾನ, ಆದರೆ ಎಷ್ಟು ಹೋಯಿತು ಅಂತ ಬೆರಳಿಗೇ ತಿಳಿಯುತ್ತದೆ. ಆಸಿಡ್ ಕ್ಲೀನರ್ ಬೇಗ ಕೆಲಸ ಮಾಡುತ್ತದೆ. ಆದರೆ ಅಂಟಿನ ಗೆರೆಯ ಹತ್ತಿರ ಅದನ್ನು ತರಲು ನನಗೆ ಧೈರ್ಯವಿಲ್ಲ. ಉಕ್ಕಿನ ನಾರು ಮಾತ್ರ ಬೇಡವೇ ಬೇಡ: ಅದರ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಹೊಸ ಕೊರೋಷನ್ ಶುರು ಮಾಡುತ್ತದೆ. ಉಜ್ಜಿದ ಜಾಗಕ್ಕೆ ಅಲೋಡೈನ್ ಅನ್ನುವ, ಅಲ್ಯೂಮಿನಿಯಂ ಮೇಲೆ ರಕ್ಷಣೆಯ ಪದರ ಕಟ್ಟುವ ದ್ರಾವಣ ಹಚ್ಚಿದಾಗ ಹೊಂಬಣ್ಣ ಬಂತು. ಇದರಲ್ಲಿ ವಿಷಕಾರಿ ಕ್ರೋಮಿಯಂ ಇರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಒರೆಸಿದ ಬಟ್ಟೆಯನ್ನು ನೀರಲ್ಲಿ ಜಾಲಿಸಿ, ಒಣಗಿದರೆ ಬೆಂಕಿ ಹೊತ್ತಿಕೊಳ್ಳುವ ಭಯ ಇದೆ. ನಿಜವಾದ ಬ್ಲೇಡಿನಲ್ಲಿ ಎಷ್ಟು ಆಳ ಉಜ್ಜಬಹುದು ಅನ್ನುವುದು ತಯಾರಕರ ಮ್ಯಾನುಯಲ್ ಹೇಳಿದಷ್ಟೇ. ಉಜ್ಜಿದ ಮೇಲೆ ನಾಣ್ಯದಿಂದ ತಟ್ಟಿ ಕೇಳುತ್ತೇನೆ. ಅಂಟು ಬಿಟ್ಟಲ್ಲಿ ಸದ್ದು ಮಂದವಾಗುತ್ತದೆ.

ಈಗ ನಮ್ಮಲ್ಲಿ ಬ್ಲೇಡ್ ಇಳಿಸಿದ ದಿನವೇ ತೊಳೆಯುತ್ತೇವೆ. ಪೂರ್ತಿ ಒಣಗಿದ ಮೇಲೆ ಚೀಲಕ್ಕೆ. ಮ್ಯಾನುಯಲ್ ಒಪ್ಪಿದ ಮೇಣ, ಬುಡದ ಉಕ್ಕಿನ ಬುಷ್‌ಗಳಿಗೆ (ತೂತಿನೊಳಗೆ ಕೂರುವ ಬಳೆಗಳಿಗೆ) ಮಾತ್ರ. ಪೆಟ್ಟಿಗೆಯಲ್ಲಿ ಬ್ಲೇಡ್ ಕೂರುವ ಕಡೆ ಮುಂಚೆ ಫೆಲ್ಟ್ ಇತ್ತು. ಅದು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಆ ಹುಳುಗೆರೆಗಳು ಹುಟ್ಟಿದ್ದೂ ಸರಿಯಾಗಿ ಅದೇ ಜಾಗದಲ್ಲಿ. ಈಗ ನೀರು ಹೀರದ ಫೋಮ್ ಹಾಕಿದ್ದೇವೆ.