ಶಾಂಘೈ ಯಹೂದಿ ನಿರಾಶ್ರಿತರ ಮ್ಯೂಸಿಯಂ: ಪಾಸ್ ಬರೆಯುವವಳೊಬ್ಬಳು ಕಂಡಂತೆ

ನಾನು ಕೌಂಟರಿನಲ್ಲಿ ಕೂತು ಗೇಟ್ ಪಾಸ್ ಬರೆಯುವವಳು. ಹದಿನಾರು ವರ್ಷದಿಂದ ಅದೇ ಕೆಲಸ. ಶಾಂಘೈನಲ್ಲಿ ತಂಗಿ ಇದ್ದಾಳೆ, ಈ ಮ್ಯೂಸಿಯಂಗೆ ಕರೆದುಕೊಂಡು ಹೋದವಳು ಅವಳೇ. ಮೆಟ್ರೋ 12ನೇ ಲೈನಿನ ಟಿಲಾನ್‌ಚಿಯಾವ್ ಸ್ಟೇಷನ್‌ನಲ್ಲಿ ಇಳಿದು ನಡೆದೇ ಹೋದೆವು. ಒಂದು ಗಂಟೆ ಸಾಕು ಅಂದುಕೊಂಡಿದ್ದೆವು. ಬಾಗಿಲು ಹಾಕುವ ಹೊತ್ತಾದರೂ ಮುಗಿದಿರಲಿಲ್ಲ.

ಹಳೇ ಓಹೆಲ್ ಮೋಶೆ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಈಗ ಮ್ಯೂಸಿಯಂನ ಭಾಗ. ಇಟ್ಟಿಗೆಯ ಚಂದದ ಕಟ್ಟಡ. ಬೋರ್ಡುಗಳಲ್ಲಿ ಚೀನೀ ಜೊತೆ ಇಂಗ್ಲಿಷ್ ಕೂಡ ಇರುವುದರಿಂದ ನನ್ನಂಥವರಿಗೂ ತೊಂದರೆ ಆಗಲಿಲ್ಲ.

1938ರ ನವೆಂಬರಿನಲ್ಲಿ ಜರ್ಮನಿ, ಆಸ್ಟ್ರಿಯಾದಲ್ಲಿ ನಾಜಿಗಳು ಯಹೂದಿಗಳ ಅಂಗಡಿ ಒಡೆದು, ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ಓಡಿಹೋಗೋಣ ಅಂದರೆ ಸೇರಿಸಿಕೊಳ್ಳುವ ದೇಶಗಳು ತೀರಾ ಕಡಿಮೆ. ಶಾಂಘೈ ಬಂದರಿನಲ್ಲಿ ಮಾತ್ರ ಇಳಿಯುವವರ ಹತ್ತಿರ ವೀಸಾ ಕೇಳುತ್ತಿರಲಿಲ್ಲ. ಆದರೆ ಆಸ್ಟ್ರಿಯಾ ಬಿಟ್ಟು ಹೊರಡಬೇಕಾದರೆ ಯಾವುದಾದರೂ ದೇಶದ ವೀಸಾ ಕೈಯಲ್ಲಿರಬೇಕಿತ್ತು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಚೀನಾದ ವೀಸಾ ಕೊಡುವ ಕಚೇರಿಯ ಮುಖ್ಯಸ್ಥರಾಗಿದ್ದ ಕಾನ್ಸಲ್ ಜನರಲ್ ಹೋ ಫೆಂಗ್‌ಶಾನ್, ಮೇಲಧಿಕಾರಿ ಬೇಡ ಅಂದರೂ ವೀಸಾ ಬರೆದುಕೊಡುತ್ತಲೇ ಇದ್ದರು. ಅವರ ವಿಷಯ ಓದುವಾಗ ನನಗೆ ಗಂಟಲು ಕಟ್ಟಿತು. ಮೇಲಿನವರ ಮಾತು ಮೀರಿ ಒಂದು ಸಹಿ ಹಾಕುವುದು ಎಷ್ಟು ಕಷ್ಟ ಅಂತ ಕೌಂಟರಿನಲ್ಲಿ ಕೂತವರಿಗೆ ಗೊತ್ತು.

ನಾನು ಜಾಸ್ತಿ ಹೊತ್ತು ನಿಂತಿದ್ದು ಜಪಾನೀ ಸೈನ್ಯದ ಕಾಲದ ಕಥೆಯ ಮುಂದೆ. 1941ರ ಡಿಸೆಂಬರಿನಲ್ಲಿ ಶಾಂಘೈ ಹೆಚ್ಚುಕಡಿಮೆ ಪೂರ್ತಿ ಅವರ ಕೈಗೆ ಬಂತು. 1943ರ ಫೆಬ್ರವರಿ 18ರಂದು ಒಂದು ಆದೇಶ ಹೊರಟಿತು. 1937ರಿಂದ ಈಚೆಗೆ ಬಂದ, ಯಾವ ದೇಶಕ್ಕೂ ಸೇರದ ನಿರಾಶ್ರಿತರೆಲ್ಲ ಮೇ 18ರೊಳಗೆ ಶಾಂಘೈನದೇ ಹೊಂಗ್‌ಕೌ ಬಡಾವಣೆಯ ಒಂದು ಭಾಗಕ್ಕೆ ಹೋಗಿ ಸೇರಬೇಕು ಅಂತ. ಆದೇಶದಲ್ಲಿ ಯಹೂದಿ ಅನ್ನುವ ಪದವೇ ಇಲ್ಲ! ಆದರೆ ಅದು ಯಾರಿಗೆ ಅಂತ ಓದಿದವರಿಗೆಲ್ಲ ಗೊತ್ತಿತ್ತು. ಹೆಚ್ಚುಕಡಿಮೆ ಒಂದು ಚದರ ಮೈಲಿ ಜಾಗ. ಅಲ್ಲಿ ಬಡ ಚೀನೀ ಕುಟುಂಬಗಳು ಮೊದಲೇ ಕಿಕ್ಕಿರಿದಿದ್ದವು. ಅದರೊಳಗೆ ಸಾವಿರಾರು ನಿರಾಶ್ರಿತರು.

ಸುತ್ತ ಗೋಡೆ ಕಟ್ಟಿರಲಿಲ್ಲ. ಗೋಡೆಯ ಕೆಲಸವನ್ನು ಪಾಸ್ ಮಾಡುತ್ತಿತ್ತು. ಹೊರಗೆ ಕೆಲಸಕ್ಕೆ ಹೋಗಬೇಕಾದರೆ ಪಾಸ್, ಜೊತೆಗೆ ಚೀನೀ ಅಕ್ಷರ ಇರುವ ಒಂದು ಬಿಲ್ಲೆ. ಗಡಿ ಕಾಯಲು ನಿರಾಶ್ರಿತ ಗಂಡಸರನ್ನೇ ಸರದಿ ಪ್ರಕಾರ ನಿಲ್ಲಿಸುತ್ತಿದ್ದರು. ಪಾಸ್ ಕೊಡುತ್ತಿದ್ದವನು ಘೋಯಾ ಅನ್ನುವ ಜಪಾನೀ ಅಧಿಕಾರಿ. ತನ್ನನ್ನು 'ಯಹೂದಿಗಳ ರಾಜ' ಅಂತ ಕರೆದುಕೊಳ್ಳುತ್ತಿದ್ದ. ಗಿಡ್ಡ ಆಳು. ಎತ್ತರದವರು ಅರ್ಜಿ ಹಿಡಿದು ಬಂದರೆ ಮೇಜಿನ ಮೇಲೆ ಹತ್ತಿ ಕೂಗಾಡುತ್ತಿದ್ದ, ಹೊಡೆಯುತ್ತಿದ್ದ. ಅವನ ಮನಸ್ಸಿಗೆ ಬಂದರೆ ಪಾಸ್, ಇಲ್ಲದಿದ್ದರೆ ಆ ಮನೆಯ ಸಂಪಾದನೆ ಅಲ್ಲಿಗೇ ನಿಂತಿತು.

ಆ ಮೇಜು ನನ್ನ ಕಣ್ಣಿಗೆ ಕಟ್ಟಿತು. ನನ್ನ ಕೌಂಟರಿನ ಆಚೆ ಕೂಡ ಜನ ಹೀಗೇ ಫಾರ್ಮನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ, ಅಂಚು ಮಡಚಿ ಮಡಚಿ ಮೆತ್ತಗಾಗಿರುತ್ತದೆ. ತಂಗಿ ಎರಡು ಸಲ ಕರೆದಳು, ಕಾಲು ಏಳಲಿಲ್ಲ.

1945ರ ಜುಲೈ 17ರ ವಿಷಯ ನನಗೆ ಮೊದಲು ಗೊತ್ತೇ ಇರಲಿಲ್ಲ. ಅವತ್ತು ಅಮೆರಿಕದ ವಿಮಾನಗಳು ಹಾಕಿದ ಬಾಂಬು ಇದೇ ಜಾಗದ ಮೇಲೆ ಬಿದ್ದು 30ಕ್ಕೂ ಹೆಚ್ಚು ನಿರಾಶ್ರಿತರು ಸತ್ತರು. ಸತ್ತ ಚೀನೀ ನೆರೆಯವರು ಅದಕ್ಕಿಂತ ಎಷ್ಟೋ ಜಾಸ್ತಿ. ಯುದ್ಧ ಮುಗಿಯಲು ಒಂದೇ ತಿಂಗಳು ಬಾಕಿ ಇತ್ತು.

ಅಂಗಳದಲ್ಲಿ ಶಾಂಘೈಗೆ ಬಂದ ನಿರಾಶ್ರಿತರ ಹೆಸರುಗಳ ಗೋಡೆ ಇದೆ. 18,000ಕ್ಕೂ ಹೆಚ್ಚು ಹೆಸರು. ಒಂದೇ ಮನೆತನದ ಹೆಸರು ಸಾಲಾಗಿ ಬರುವಲ್ಲಿ ನಿಂತು ಓದಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಹತ್ತು ವರ್ಷದ ಮೇಲಿನವರಿಗೆ ಅರ್ಥ ಆಗುತ್ತದೆ. ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಸುಮ್ನೆ ಫೋಟೋ ತೆಗೆದು ಬರುವ ಜಾಗ ಅಲ್ಲ ಇದು. ಹತ್ತಿರದಲ್ಲೇ ಹುವೋಶಾನ್ ಪಾರ್ಕ್ ಇದೆ. ಅಲ್ಲಿ ಈ ನಿರಾಶ್ರಿತರದೇ ಒಂದು ನೆನಪಿನ ಕಲ್ಲು. ನಾವು ಹೋದಾಗ ಅಜ್ಜಿಯೊಬ್ಬರು ಅದರ ಪಕ್ಕದಲ್ಲೇ ಮೊಮ್ಮಗುವಿಗೆ ನಡೆಯಲು ಕಲಿಸುತ್ತಿದ್ದರು.